ಅರ್ಧ ಚೀಲ ತೊಗರಿ ಎಲ್ಲಿಂದ ಬಂತು?

ಗಂಜ್ ಗುಮಾಸ್ತ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯ ಧಾನ್ಯದ ಮಾರುಕಟ್ಟೆ ಗಂಜ್‌ನಲ್ಲಿ ಒಂದು ಅಡತ್ (ದಲಾಲಿ) ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಹೋದ ವಾರ ಮರ್ಯಾದೆ ಹೋಗುವ ಕೆಲಸ ಆಯಿತು.

ಗೋದಾಮಿನಲ್ಲಿ ತೊಗರಿ ಚೀಲದ ಥಪ್ಪಿ ಹಚ್ಚಿದ್ದರು. ಕೆಳಗಿನ ಸಾಲಿನಲ್ಲಿ 24 ಚೀಲ. ಎರಡು ಚೀಲದ ಸಂದಿಯ ಮೇಲೆ ಒಂದು ಚೀಲ ಕೂರಿಸುತ್ತಾ ಹೋಗುವುದರಿಂದ ಮೇಲಿನ ಸಾಲಿಗೆ ಒಂದೊಂದು ಕಡಿಮೆ. ತುದಿಯ ಸಾಲಿನಲ್ಲಿ 9. ಒಟ್ಟು ಎಷ್ಟು ಅಂತ ಮಾಲಕರು ಕೇಳಿದರು. ಒಂದೊಂದೇ ಯಾಕೆ ಎಣಿಸಬೇಕು, ಸಾಲೆಯಲ್ಲಿ ಕಲಿತ ಸೂತ್ರ ಇದೆಯಲ್ಲ ಅಂತ ಜಾಣತನ ತೋರಿಸಿದೆ. ಮೊದಲಿನದು ಕೊನೆಯದು ಕೂಡಿಸು, ಸಾಲುಗಳಿಂದ ಗುಣಿಸು, ಅರ್ಧ ಮಾಡು. 24ರಲ್ಲಿ 9 ಹೋದರೆ 15 ಸಾಲು. 33 × 15 = 495. ಅದರ ಅರ್ಧ 247.5.

ಅರ್ಧ ಚೀಲ ನೋಡಿ ಒಂದು ಕ್ಷಣ ಅನುಮಾನ ಬಂದಿತ್ತು. ಆದರೂ 248 ಅಂತ ಬರೆದು ಕೊಟ್ಟೆ. ಹಮಾಲರು ನಾವು ಹೊತ್ತಿದ್ದು 264 ಅಂದರು. ಹಮಾಲಿ ಕೊಡುವುದು ಚೀಲದ ಲೆಕ್ಕದಲ್ಲಿ. 16 ಚೀಲದ ದುಡ್ಡು ಗುಮಾಸ್ತ ತಿಂದ ಅನ್ನುವವರೆಗೆ ಮಾತು ಹೋಯಿತು. ಕೊನೆಗೆ ಎಲ್ಲರೂ ನಿಂತು ಎಣಿಸಿದಾಗ ಬರೋಬ್ಬರಿ 264. ಸೂತ್ರ ಎಲ್ಲಿ ಕೈಕೊಟ್ಟಿತು ಅಂತ ಯಾರಾದರೂ ಹೇಳುತ್ತೀರಾ?

ತೊಗರಿ ಖಾರ

ಅರ್ಧ ಚೀಲ ಇಲಿ ತಿಂದಿರಬೇಕು. ಉಳಿದ ಹದಿನಾರು ಯಾರು ತಿಂದರು ಅಂತ ನಾನು ಕೇಳುವುದಿಲ್ಲ.

ಶಹಾಬಾದಿ ಪರ್ಸಿ

ಸೂತ್ರ ಸರಿ ಇದೆ ಅಣ್ಣಾ, ಸಾಲು ಎಣಿಸಿದ್ದು ತಪ್ಪು. 9ರಿಂದ 24ರವರೆಗೆ 15 ಅಲ್ಲ, 16. ಕಳೆದ ಮೇಲೆ ಒಂದು ಕೂಡಿಸಬೇಕು. ನಿಮ್ಮ ಮನೆಗೆ ಬೀಗರು 9ನೇ ತಾರೀಖು ಬಂದು 11ಕ್ಕೆ ಹೋದರೆ ಎಷ್ಟು ದಿನ ಅಡುಗೆ ಮಾಡಿದಿರಿ? ಮೂರು ದಿನ ಅಲ್ವಾ? 11ರಲ್ಲಿ 9 ಹೋದರೆ ಎರಡು ಅಂತ ಮನೆಯವರ ಮುಂದೆ ಹೇಳಿ ನೋಡಿ.

ನಮ್ಮ ಕಲ್ಲಿನ ಧಂಧೆಯಲ್ಲೂ ಇದೇ ಗೋಳು. ಹತ್ತು ಅಡಿಗೊಂದು ಕಂಬದಂತೆ ನೂರು ಅಡಿ ಬೇಲಿಗೆ ಹತ್ತು ಕಂಬ ಒಯ್ಯುತ್ತಾರೆ. ಹನ್ನೊಂದನೆಯದಕ್ಕೆ ಮತ್ತೆ ಗಾಡಿ ಬಾಡಿಗೆ ಕೊಟ್ಟು ಬರುತ್ತಾರೆ.

33 × 16 = 528. ಅರ್ಧ 264. ಹಮಾಲರು ಖರೇ ಹೇಳಿದ್ದಾರೆ.

ಸುರಪುರದ ಹುಡುಗ

ಸರ್, ನಾನು ಪರೀಕ್ಷೆಗೆ ಓದುತ್ತಿದ್ದೇನೆ. ನಾವು ಬೇರೆ ದಾರಿ ಹಿಡಿಯುತ್ತೇವೆ. 1ರಿಂದ 24ರವರೆಗೆ ಮೊತ್ತ 24 × 25 ÷ 2 = 300. ಇಲ್ಲದ ಸಾಲುಗಳು 1ರಿಂದ 8. ಅವುಗಳ ಮೊತ್ತ 36. 300ರಲ್ಲಿ 36 ಹೋದರೆ 264. ಸಾಲು ಎಣಿಸುವ ಗೋಜೇ ಇಲ್ಲ.

ಶಹಾಬಾದಿ ಪರ್ಸಿ

ಗೋಜು ಇಲ್ಲ ಅನ್ನಬೇಡ ತಮ್ಮಾ. ಅಲ್ಲಿಯೂ ಅದೇ ಒಂದು ಅಂಕಿಯ ಬಲೆ ಇದೆ. 8ರವರೆಗೆ ಕಳೆಯುವ ಬದಲು 9ರವರೆಗೆ ಕಳೆದರೆ 300 − 45 = 255. ನೋಡುವುದಕ್ಕೆ ಚೆನ್ನಾಗಿಯೇ ಇರುತ್ತದೆ. ಅರ್ಧವೂ ಇಲ್ಲ, ಅನುಮಾನವೂ ಇಲ್ಲ.

ಸುರಪುರದ ಹುಡುಗ

ಹೋದ ಸಲ ಒಂದು ಪ್ರಶ್ನೆಯಲ್ಲಿ ನಾನು ಅದನ್ನೇ ಮಾಡಿದ್ದೆ. ನಾಲ್ಕು ಉತ್ತರಗಳಲ್ಲಿ ಆ ತಪ್ಪು ಉತ್ತರವೂ ಇತ್ತು. ಪ್ರಶ್ನೆ ಬರೆಯುವವರಿಗೆ ನಾವು ಎಲ್ಲಿ ಬೀಳುತ್ತೇವೆ ಅಂತ ಮೊದಲೇ ಗೊತ್ತು.

ಚಿಂಚೋಳಿ ಅಕ್ಕೋರು

ನಾನು ಚಿಕ್ಕ ಮಕ್ಕಳಿಗೆ ಪಾಠ ಹೇಳುವವಳು. ಸೂತ್ರ ಹೇಳುವ ಮೊದಲು ಹುಣಸೆ ಬೀಜ ಕೊಡುತ್ತೇನೆ. ಒಂದು ಸಾಲಿಗೆ ಒಂದು, ಮುಂದಿನದಕ್ಕೆ ಎರಡು, ಹೀಗೆ ಐದರವರೆಗೆ ಮೆಟ್ಟಿಲು ಮಾಡಿಸುತ್ತೇನೆ. ಪಕ್ಕದ ಮಗುವಿಗೂ ಅಂಥದ್ದೇ ಇನ್ನೊಂದು ಮೆಟ್ಟಿಲು. ಆಮೇಲೆ ಎರಡನೆಯದನ್ನು ತಲೆಕೆಳಗು ಮಾಡಿ ಮೊದಲನೆಯದಕ್ಕೆ ಕೂಡಿಸಿ ಅನ್ನುತ್ತೇನೆ. ಐದು ಸಾಲು, ಪ್ರತಿ ಸಾಲಿಗೆ ಆರು ಬೀಜ. ಚೌಕಟ್ಟಾದ ಚೌಕಟ್ಟು. ಮೂವತ್ತು ಬೀಜ ಇಬ್ಬರದು, ಹದಿನೈದು ಒಬ್ಬರದು. ಅರ್ಧ ಯಾಕೆ ಮಾಡಬೇಕು ಅಂತ ಆಮೇಲೆ ಯಾವ ಮಗುವೂ ಕೇಳುವುದಿಲ್ಲ. ತನ್ನ ಬೀಜ ವಾಪಸ್ ಬೇಕಲ್ಲ!

ಅಣ್ಣಾವರೇ, ನಿಮ್ಮ ಥಪ್ಪಿಗೂ ಹೀಗೇ. ಅದೇ ಅಳತೆಯ ಇನ್ನೊಂದು ಥಪ್ಪಿ ತಲೆಕೆಳಗಾಗಿ ಪಕ್ಕಕ್ಕೆ ಬಂದು ಕೂತಿದೆ ಅಂದುಕೊಳ್ಳಿ. 24ರ ಪಕ್ಕ 9, 23ರ ಪಕ್ಕ 10, 22ರ ಪಕ್ಕ 11. ಪ್ರತಿ ಸಾಲೂ 33. ಸಾಲುಗಳು 16. ಮೊದಲ ಸಾಲು ಒಂದರಿಂದಲೇ ಶುರುವಾಗಬೇಕು ಅಂತೇನೂ ಇಲ್ಲ.

ಇನ್ನೊಂದು ಗಮನಿಸಿ. ನಿಮಗೆ ಕಡಿಮೆ ಬಂದಿದ್ದು 264 − 247.5, ಅಂದರೆ 16.5. ಅದು 33ರ ಅರ್ಧ. ನೀವು ಮರೆತದ್ದು ಮೇಲಿನ ಸಾಲನ್ನೂ ಅಲ್ಲ, ಕೆಳಗಿನದನ್ನೂ ಅಲ್ಲ. ಸರಾಸರಿ ಲೆಕ್ಕದ ಒಂದು ಸಾಲು ಬಿಟ್ಟಿದ್ದೀರಿ.

ಗಂಜ್ ಗುಮಾಸ್ತ

ಅಕ್ಕಾ, ತಲೆಕೆಳಗಾದ ಥಪ್ಪಿ ನೆನೆಸಿಕೊಂಡು ನಕ್ಕೆ. ನಮ್ಮ ಹಮಾಲರ ಮುಂದೆ ಹೇಳಿದರೆ ನನ್ನನ್ನೇ ತಲೆಕೆಳಗು ಮಾಡುತ್ತಾರೆ. ಆದರೆ ವಿಷಯ ಈಗ ತಲೆಗೆ ಇಳಿಯಿತು.

ಬಿದರಿ ಕುಸುರಿ

ಇದು ಜರ್ಮನಿಯ ಗಣಿತಜ್ಞ ಗೌಸ್ ಚಿಕ್ಕವನಿದ್ದಾಗ ಕಂಡುಹಿಡಿದ ಸೂತ್ರ ಅಲ್ವಾ? ಮಾಸ್ತರು 1ರಿಂದ 100 ಕೂಡಿಸಿ ಅಂದರಂತೆ, ಇವನು ಥಟ್ಟನೆ 5050 ಅಂದನಂತೆ.

ಕಾಗಿಣಾ ದಂಡೆ

ನಿವೃತ್ತ ಗಣಿತ ಮಾಸ್ತರ, ಸೇಡಂ ಕಡೆಯವನು. ಈ ಕಥೆ ಕೇಳಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ, ಕ್ಷಮಿಸಿ.

ಗೌಸ್ ಹುಟ್ಟಿದ್ದು 1777, ತೀರಿಕೊಂಡಿದ್ದು 1855. ಈ ಕಥೆ ಬಂದದ್ದು ಮರುವರ್ಷ, 1856ರಲ್ಲಿ ಅವರ ಸ್ನೇಹಿತರೊಬ್ಬರು ಬರೆದ ನೆನಪಿನಲ್ಲಿ. ಹುಡುಗ ಲೆಕ್ಕ ಮಾಡಿ ಪಾಟಿಯನ್ನು ಮೇಜಿನ ಮೇಲಿಟ್ಟ ಅಂತ ಅಲ್ಲಿದೆ. 1ರಿಂದ 100 ಅನ್ನುವುದು ಅಲ್ಲಿಲ್ಲ. ಅದನ್ನು ಆಮೇಲಿನವರು ಸೇರಿಸಿದರು. ಹುಡುಗ ಜಾಣನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೂತ್ರ ಅವನದಲ್ಲ.

ಯುರೋಪಿನಲ್ಲೇ ಅದಕ್ಕಿಂತ ಸಾವಿರ ವರ್ಷ ಹಳೆಯ ಲೆಕ್ಕ ಒಂದಿದೆ. 8ನೇ ಶತಮಾನದ ಆಲ್ಕ್ವಿನ್ ಎಂಬ ಪಂಡಿತನ ಹೆಸರಿನಲ್ಲಿ ಬಂದದ್ದು. ನೂರು ಮೆಟ್ಟಿಲಿನ ಏಣಿ. ಮೊದಲ ಮೆಟ್ಟಿಲಲ್ಲಿ ಒಂದು ಪಾರಿವಾಳ, ಎರಡನೆಯದರಲ್ಲಿ ಎರಡು, ನೂರನೆಯದರಲ್ಲಿ ನೂರು. ಅವರು ಜೋಡಿ ಮಾಡಿದ ರೀತಿಯೇ ಬೇರೆ. 1ಕ್ಕೆ 99, 2ಕ್ಕೆ 98, ಹೀಗೆ 49 ಜೋಡಿಗೆ ನೂರು ನೂರು. ನಡುವಿನ 50 ಮತ್ತು ತುದಿಯ 100 ಒಂಟಿಯಾಗಿ ಉಳಿಯುತ್ತವೆ. 4900 + 150 = 5050.

ನಮ್ಮಲ್ಲಿ ಇನ್ನೂ ಹಿಂದೆ. ಆರ್ಯಭಟ 499ರಲ್ಲೇ ಒಂದೇ ಶ್ಲೋಕದಲ್ಲಿ ಎರಡು ದಾರಿ ಹೇಳಿದ್ದಾನೆ. ಒಂದು, ನಡುವಿನ ಬೆಲೆ ತೆಗೆದು ಅದನ್ನು ಪದಗಳ ಸಂಖ್ಯೆಯಿಂದ ಗುಣಿಸು. 'ಅಥವಾ' ಅಂತ ಹೇಳಿ ಇನ್ನೊಂದು: ಆದಿ ಅಂತ್ಯ ಕೂಡಿಸಿ ಪದಗಳ ಅರ್ಧದಿಂದ ಗುಣಿಸು. ಗುಮಾಸ್ತರು ಗೋದಾಮಿನಲ್ಲಿ ಹೇಳಿಕೊಂಡದ್ದು ಈ ಎರಡನೆಯದನ್ನೇ.

ಈಗ ನಮ್ಮ ಮನೆ ಬಾಗಿಲಿಗೆ ಬರೋಣ. ಸೇಡಂ ತಾಲೂಕಿನ ಮಳಖೇಡ ಅಂದರೆ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದ ಶುರುವಿನಲ್ಲೇ ಹೊಗಳಿದ್ದಾನೆ. ಕಾಲ ಸುಮಾರು 850. ಅದರಲ್ಲಿ ಸಾಲು ಲೆಕ್ಕಕ್ಕೆ ದೊಡ್ಡ ಜಾಗ ಇದೆ. ಅವನು ಬಳಸುವ ಪದಗಳು ನನಗೆ ಬಹಳ ಇಷ್ಟ. ಮೊದಲನೆಯದು ಆದಿ, ಏರುವ ಅಳತೆ ಚಯ, ಎಷ್ಟು ಪದ ಅನ್ನುವುದು ಗಚ್ಛ. ಗುಮಾಸ್ತರು ತಪ್ಪಿದ್ದು ಗಚ್ಛದಲ್ಲಿ!

ತೊಗರಿ ಖಾರ

ಹಾಗಾದರೆ ಈ ಸೂತ್ರ ಮಳಖೇಡದಲ್ಲಿ ಹುಟ್ಟಿದ್ದು ಅಂತ ಬಸ್ ನಿಲ್ದಾಣದಲ್ಲಿ ಬೋರ್ಡ್ ಹಾಕಿಸೋಣ.

ಕಾಗಿಣಾ ದಂಡೆ

ಬೇಡ ತಮ್ಮಾ. ಆರ್ಯಭಟ ಮಹಾವೀರನಿಗಿಂತ ಮುನ್ನೂರೈವತ್ತು ವರ್ಷ ಹಿಂದಿನವನು. ಗೌಸ್ ಕಥೆಯಲ್ಲಿ ಅವರು ಮಾಡಿದ ತಪ್ಪನ್ನು ನಾವು ಮಳಖೇಡದ ಹೆಸರಿನಲ್ಲಿ ಮಾಡಬಾರದು. ಬೋರ್ಡ್ ಹಾಕಲೇಬೇಕು ಅಂದರೆ 'ಈ ಊರಿನ ಅರಸನ ಹೆಸರು ಒಂದು ಗಣಿತದ ಗ್ರಂಥದ ಮೊದಲಲ್ಲೇ ಇದೆ' ಅಂತ ಹಾಕಿ. ಅದು ಖರೇ. ಅಲ್ಲಿ ಹೋದವರು ಕೋಟೆ ನೋಡುತ್ತಾರೆ, ಬಸದಿ ನೋಡುತ್ತಾರೆ, ಸಿಮೆಂಟ್ ಲಾರಿಗಳ ಧೂಳು ತಿಂದು ವಾಪಸ್ ಬರುತ್ತಾರೆ. ಗಣಿತದ ಮಾತು ಯಾರ ಬಾಯಲ್ಲೂ ಬರುವುದಿಲ್ಲ.

ಬಿದರಿ ಕುಸುರಿ

ಮಾಸ್ತರೇ, ಗೌಸ್ ವಿಷಯ ಬಿಟ್ಟೆ. ಆದರೆ ಆ ಅರ್ಧ ಚೀಲ ನನ್ನನ್ನು ಬಿಡುತ್ತಿಲ್ಲ. ತಪ್ಪು ಎಣಿಸಿದಾಗಲೆಲ್ಲ ಅರ್ಧ ಬರುತ್ತದೆ ಅನ್ನುವುದಾದರೆ ಅದು ಒಳ್ಳೆಯ ಗಂಟೆ ಅಲ್ವಾ? ಅರ್ಧ ಬಂತು ಅಂದರೆ ಮತ್ತೆ ಎಣಿಸಬೇಕು. ಪರೀಕ್ಷೆ ಮಾಡೋಣ ಅಂತ 10ರಿಂದ 24 ತೆಗೆದುಕೊಂಡೆ. ಸರಿಯಾದ ಸಾಲು 15. 34 × 15 ÷ 2 = 255. ಬೇಕಂತಲೇ 14 ಅಂದುಕೊಂಡೆ. 34 × 14 ÷ 2 = 238. ಅರ್ಧ ಬರಲಿಲ್ಲ! ಒಂದು ಸಾಲು ಬಿಟ್ಟರೂ ಗಂಟೆ ಹೊಡೆಯಲಿಲ್ಲ.

ಕಾಗಿಣಾ ದಂಡೆ

ಇದು ಪ್ರಶ್ನೆ ಅಂದರೆ! ನಿಧಾನಕ್ಕೆ ನೋಡೋಣ.

ಸಾಲುಗಳ ಸಂಖ್ಯೆ ಸಮ ಇದ್ದರೆ, ಹದಿನಾರು ಅಂತ ಇಟ್ಟುಕೊಳ್ಳಿ, ಮೊದಲನೆಯದು ಬೆಸ ಆದಾಗ ಕೊನೆಯದು ಸಮ ಆಗುತ್ತದೆ. ಅಥವಾ ಅದರ ಉಲ್ಟಾ. ಒಂದು ಬೆಸ ಒಂದು ಸಮ ಕೂಡಿದರೆ ಬೆಸ. 9 + 24 = 33. ಸಾಲುಗಳ ಸಂಖ್ಯೆ ಬೆಸ ಇದ್ದರೆ ಎರಡು ತುದಿಯೂ ಒಂದೇ ಜಾತಿ, ಎರಡೂ ಸಮ ಅಥವಾ ಎರಡೂ ಬೆಸ. ಕೂಡಿದರೆ ಸಮ. 10 + 24 = 34.

ಅಂದರೆ ಸಾಲಿನ ಸಂಖ್ಯೆ ಮತ್ತು ತುದಿಗಳ ಮೊತ್ತ, ಇವೆರಡರಲ್ಲಿ ಯಾವಾಗಲೂ ಒಂದು ಸಮ, ಇನ್ನೊಂದು ಬೆಸ. ಇಬ್ಬರೂ ಸಮ ಅನ್ನುವುದಿಲ್ಲ, ಇಬ್ಬರೂ ಬೆಸ ಅನ್ನುವುದಿಲ್ಲ. ಅದಕ್ಕೇ ಗುಣಿಸಿದ್ದು ಸದಾ ಎರಡರಿಂದ ಭಾಗವಾಗುತ್ತದೆ.

ಈಗ ಒಂದು ಸಾಲು ಬಿಟ್ಟು ಎಣಿಸಿದಿರಿ. ನಿಜವಾದ ಸಂಖ್ಯೆ ಸಮ ಇದ್ದರೆ ನಿಮ್ಮದು ಬೆಸ ಆಯಿತು. ಬೆಸ ಇಂಟು ಬೆಸ ಬೆಸವೇ, ಅರ್ಧ ಉಳಿಯಿತು. ಗುಮಾಸ್ತರಿಗೆ ಆದದ್ದು ಇದು. ನಿಜವಾದ ಸಂಖ್ಯೆ ಬೆಸ ಇದ್ದರೆ ನಿಮ್ಮದು ಸಮ ಆಯಿತು. ಎರಡೂ ಸಮ. ತಪ್ಪು ಉತ್ತರ ಮೈ ತೊಳೆದುಕೊಂಡು ಬಂದು ಕೂರುತ್ತದೆ. ಹಾಗಾಗಿ ಅರ್ಧ ಬಂದರೆ ತಪ್ಪು ಖಂಡಿತ. ಬರಲಿಲ್ಲ ಅಂತ ಸರಿ ಅಂದುಕೊಳ್ಳಬೇಡಿ. ಆದರೆ ಲೆಕ್ಕ ಮಾಡುವ ಮೊದಲೇ ಎರಡೂ ಒಂದೇ ಜಾತಿಯಾ ಅಂತ ನೋಡಿದರೆ ಮೌನವಾಗಿ ಬರುವ ತಪ್ಪೂ ಸಿಕ್ಕಿಬೀಳುತ್ತದೆ. 34 ಮತ್ತು 14, ಎರಡೂ ಸಮ. ಅಲ್ಲೇ ನಿಲ್ಲಿ.

ಗಂಜ್ ಗುಮಾಸ್ತ

ಮಾಸ್ತರೇ, ಇದನ್ನು ಚೀಟಿಯಲ್ಲಿ ಬರೆದು ಗಲ್ಲೆಯ ಮೇಲೆ ಅಂಟಿಸುತ್ತೇನೆ. ನಿಜ ಹೇಳಬೇಕೆಂದರೆ ಅಂದು ಆ ಅರ್ಧವನ್ನು 248 ಮಾಡಿದ್ದೇ ನನ್ನ ದೊಡ್ಡ ತಪ್ಪು. ಚೀಲದಲ್ಲಿ ಅರ್ಧ ಬರುವುದಿಲ್ಲ ಅಂತ ಗೊತ್ತಿದ್ದೂ ಉಜ್ಜಿ ಹಾಕಿದೆ.

ಬಿದರಿ ಕುಸುರಿ

ಇನ್ನೊಂದು ಕೇಳಲಾ? ಇದು ನನ್ನ ಕೆಲಸದ್ದು. ಒಂದು ತಟ್ಟೆಯ ಮೇಲೆ ಬೆಳ್ಳಿ ಹೂವು ಕೂರಿಸಬೇಕು. ಮೇಲಿನಿಂದ ಕೆಳಕ್ಕೆ ಪ್ರತಿ ಸಾಲಿಗೂ ಒಂದೊಂದು ಹೂವು ಜಾಸ್ತಿ ಆಗುತ್ತಾ ಹೋಗಬೇಕು. ಕತ್ತರಿಸಿ ಇಟ್ಟ ಹೂವು 64. ಎರಡು ದಿನ ಕಾಗದದ ಮೇಲೆ ಗೆರೆ ಎಳೆದೆ. ಎಲ್ಲಿಂದ ಶುರು ಮಾಡಿದರೂ ಒಂದು ಜಾಸ್ತಿ ಅಥವಾ ನಾಲ್ಕು ಕಡಿಮೆ. ಚಿಕ್ಕ ತಟ್ಟೆಗೆ 32 ಇಟ್ಟು ನೋಡಿದೆ, ಅದೂ ಆಗಲಿಲ್ಲ. 60 ಅಂದರೆ ಆಗುತ್ತದೆ. ನನ್ನ ಕೈಯಲ್ಲೇ ದೋಷ ಇದೆಯಾ?

ಚಿಂಚೋಳಿ ಅಕ್ಕೋರು

ಕೈಯಲ್ಲಿ ದೋಷ ಇಲ್ಲ ತಮ್ಮಾ. 64 ಯಾರ ಕೈಯಲ್ಲೂ ಆಗುವುದಿಲ್ಲ. ಮಾಸ್ತರು ಈಗ ಹೇಳಿದ ಮಾತಿನಲ್ಲೇ ಉತ್ತರ ಇದೆ ಅನಿಸುತ್ತದೆ. ಮಾಸ್ತರೇ, ತಪ್ಪಿದ್ದರೆ ತಿದ್ದಿ.

ಒಟ್ಟು ಹೂವಿನ ಎರಡು ಪಟ್ಟು ಅಂದರೆ ಸಾಲಿನ ಸಂಖ್ಯೆ ಇಂಟು ತುದಿಗಳ ಮೊತ್ತ. ಇವುಗಳಲ್ಲಿ ಒಂದು ಬೆಸ ಇರಲೇಬೇಕು. ಸಾಲು ಎರಡಾದರೂ ಇರಬೇಕು, ಹಾಗಾಗಿ ಆ ಬೆಸ ಸಂಖ್ಯೆ 1 ಆಗುವ ಹಾಗಿಲ್ಲ, ಮೂರೋ ಅದಕ್ಕಿಂತ ದೊಡ್ಡದೋ ಆಗಬೇಕು. 64ರ ಎರಡು ಪಟ್ಟು 128. ಅದನ್ನು ಭಾಗಿಸುವ ಬೆಸ ಸಂಖ್ಯೆ 1 ಬಿಟ್ಟರೆ ಬೇರೆ ಇಲ್ಲ. ಎರಡನ್ನು ಎರಡರಿಂದಲೇ ಗುಣಿಸುತ್ತಾ ಹೋದರೆ ಸಿಗುವ 2, 4, 8, 16, 32, 64 ಎಲ್ಲವೂ ಹಾಗೇ. ಉಳಿದ ಯಾವ ಸಂಖ್ಯೆಯಾದರೂ ಆಗುತ್ತದೆ. ಒಂದೇ ಒಂದು ಹೂವನ್ನು ಮಾತ್ರ ಸಾಲು ಮಾಡಲು ಬರುವುದಿಲ್ಲ, ಅದು ಬೇರೆ ಮಾತು.

ಕಾಗಿಣಾ ದಂಡೆ

ಬರೋಬ್ಬರಿ ಅಕ್ಕಾ, ತಿದ್ದುವುದಕ್ಕೆ ಏನೂ ಇಲ್ಲ. ಒಂದು ಮಾತು ಸೇರಿಸುತ್ತೇನೆ. ಎಷ್ಟು ರೀತಿ ಜೋಡಿಸಬಹುದು ಅನ್ನುವುದೂ ಗೊತ್ತಾಗುತ್ತದೆ. ಆ ಸಂಖ್ಯೆಯನ್ನು ಭಾಗಿಸುವ, 1ಕ್ಕಿಂತ ದೊಡ್ಡ ಬೆಸ ಸಂಖ್ಯೆ ಎಷ್ಟಿವೆಯೋ ಅಷ್ಟು ರೀತಿ. 60ಕ್ಕೆ 3, 5, 15. ಹಾಗಾಗಿ ಮೂರು. 19 + 20 + 21. ಇನ್ನೊಂದು 10ರಿಂದ 14. ಮೂರನೆಯದು 4ರಿಂದ 11, ಎಂಟು ಸಾಲು. ತಟ್ಟೆಗೆ ಕೊನೆಯದೇ ಚಂದ ಕಾಣಬೇಕು.

ಗಂಜ್ ಗುಮಾಸ್ತ

ತಡೆಯಿರಿ, ನನ್ನ 264 ನೋಡುತ್ತೇನೆ. 3, 11, 33 ಭಾಗಿಸುತ್ತವೆ. ಮೂರು ರೀತಿ. 87 + 88 + 89: ಮೂರೇ ಸಾಲು, ಅಷ್ಟು ಉದ್ದದ ಗೋದಾಮು ನಮಗೆಲ್ಲಿದೆ? 19ರಿಂದ 29: ಹನ್ನೊಂದು ಸಾಲು. ಮೂರನೆಯದು ನಮ್ಮದೇ, 9ರಿಂದ 24. ಹನ್ನೊಂದು ಸಾಲಿನದ್ದಾಗಿದ್ದರೆ ಮೇಲೆ ಹತ್ತುವ ಕಷ್ಟ ಕಡಿಮೆ ಇತ್ತು. ಆದರೆ ನಮ್ಮ ಗೋಡೆಗೆ 24ರ ಮೇಲೆ ಒಂದು ಚೀಲ ಕೂರುವುದಿಲ್ಲ.

ತೊಗರಿ ಖಾರ

64ಕ್ಕೆ ನಾನು ದಾರಿ ಕಂಡುಹಿಡಿದೆ. ಸೊನ್ನೆಗಿಂತ ಕೆಳಗೆ ಇಳಿಯಿರಿ. ಋಣ 63ರಿಂದ ಶುರು ಮಾಡಿ 64ರವರೆಗೆ ಕೂಡಿಸಿ. ಋಣ 63ನ್ನು 63 ನುಂಗುತ್ತದೆ, ಋಣ 62ನ್ನು 62. ಕೊನೆಗೆ 64 ಮಾತ್ರ ಉಳಿಯುತ್ತದೆ. ಗಂಜ್‌ನಲ್ಲಿ ಋಣದ ಚೀಲಕ್ಕೆ ಉದ್ರಿ ಅನ್ನುತ್ತಾರೆ, ಗುಮಾಸ್ತರಿಗೆ ಚೆನ್ನಾಗಿ ಗೊತ್ತಿರಬೇಕು.

ಬಿದರಿ ಕುಸುರಿ

ಉದ್ರಿ ಬೆಳ್ಳಿ ನನಗೆ ಯಾರು ಕೊಡುತ್ತಾರೆ ಅಣ್ಣಾ? ನಾಲ್ಕು ಹೂವು ತೆಗೆದಿಟ್ಟೆ. 60 ಕೂರಿಸುತ್ತೇನೆ, 4ರಿಂದ 11.

ಸುರಪುರದ ಹುಡುಗ

ಇದೇ ಸಾಲಿನ ಒಂದು ಮಜಾ ಲೆಕ್ಕ. 1914ರ ಡಿಸೆಂಬರ್‌ನಲ್ಲಿ ಲಂಡನ್ನಿನ ಒಂದು ಪತ್ರಿಕೆಯಲ್ಲಿ ಬಂದದ್ದು. ಕೇಂಬ್ರಿಜ್‌ನಲ್ಲಿದ್ದ ಗೆಳೆಯ ಮಹಾಲನೋಬಿಸ್ ಅದನ್ನು ಗಣಿತಜ್ಞ ರಾಮಾನುಜನ್‌ಗೆ ಓದಿ ಹೇಳಿದರು. ಒಂದು ಬೀದಿಯಲ್ಲಿ ಮನೆಗಳಿಗೆ 1, 2, 3 ಅಂತ ನಂಬರು. ಒಬ್ಬನ ಮನೆಯ ಎಡಕ್ಕಿರುವ ನಂಬರುಗಳ ಮೊತ್ತವೂ ಬಲಕ್ಕಿರುವ ನಂಬರುಗಳ ಮೊತ್ತವೂ ಒಂದೇ. ಮನೆಗಳು 50ಕ್ಕಿಂತ ಜಾಸ್ತಿ, 500ಕ್ಕಿಂತ ಕಡಿಮೆ. ಅವನ ನಂಬರು ಯಾವುದು? ರಾಮಾನುಜನ್ ಒಲೆಯ ಮುಂದೆ ಪಲ್ಯ ತಿರುವುತ್ತಾ ಉತ್ತರ ಹೇಳಿದರು. ಅದೂ ಈ ಒಂದು ಬೀದಿಗೆ ಮಾತ್ರ ಅಲ್ಲ, ಇಂಥ ಎಲ್ಲಾ ಬೀದಿಗೂ ಆಗುವ ಉತ್ತರ.

ನಾನು ಚಿಕ್ಕ ಬೀದಿ ಹುಡುಕಿದೆ. ಎಂಟು ಮನೆ, ನಂಬರು 6. ಎಡಕ್ಕೆ 1ರಿಂದ 5, ಮೊತ್ತ 15. ಬಲಕ್ಕೆ 7 + 8, ಅದೂ 15. ಮುಂದಿನದು ಹುಡುಕುವುದಕ್ಕೆ ಅರ್ಧ ರಾತ್ರಿ ಹೋಯಿತು: 49 ಮನೆ, ನಂಬರು 35. ಎರಡೂ ಕಡೆ 595.

ಶಹಾಬಾದಿ ಪರ್ಸಿ

ಪತ್ರಿಕೆಯ ಬೀದಿಯ ಉತ್ತರ 288 ಮನೆ, ನಂಬರು 204. ತಾಳೆ ನೋಡಿದೆ. 1ರಿಂದ 203 ಕೂಡಿದರೆ 203 × 204 ÷ 2 = 20706. ಬಲಕ್ಕೆ 205ರಿಂದ 288. ತುದಿಗಳ ಮೊತ್ತ 493. ಮನೆಗಳು 288 − 205 = 83 ಅಂತ ಬರೆದು, ಎರಡೂ ಬೆಸ ಇರುವುದು ಕಂಡು ನಾಲಿಗೆ ಕಚ್ಚಿಕೊಂಡೆ. 84! 493 × 42 = 20706. ಬೇರೆಯವರಿಗೆ ಬೀಗರ ಕಥೆ ಹೇಳಿ ನಾನೇ ಅದರಲ್ಲಿ ಬಿದ್ದೆ ನೋಡಿ.

ಗಂಜ್ ಗುಮಾಸ್ತ

ಇವತ್ತಿನ ಸುದ್ದಿ ಹೇಳಿಬಿಡುತ್ತೇನೆ. 16 ಚೀಲದ ಹಮಾಲಿ ಹೋದ ವಾರವೇ ಕೊಟ್ಟಾಯಿತು. ಇವತ್ತು ಹೊಸ ಥಪ್ಪಿ ಬಂತು. ಕೆಳಗೆ 22, ಮೇಲೆ 8. ನಾನು ಗಲ್ಲೆಯ ಚೀಟಿ ನೋಡಿ ಕೂಡಿಸುವಷ್ಟರಲ್ಲಿ ಹಿರಿಯ ಹಮಾಲ ಕಾಕಾ ಒಮ್ಮೆ ಕಣ್ಣು ಹಾಯಿಸಿ 225 ಅಂದುಬಿಟ್ಟರು. ಸಾಲೆ ಮುಖ ನೋಡಿದವರಲ್ಲ. ಹೇಗೆ ಅಂತ ಕೇಳಿದೆ. 15 ಸಾಲು, ನಡುವಿನ ಸಾಲಿನಲ್ಲಿ 15 ಚೀಲ, ಹದಿನೈದ್ಲೆ ಹದಿನೈದು ಅಂದರು.

ಹಾಗಾದರೆ ಹೋದ ವಾರದ 16 ಸಾಲಿಗೆ ನಡುವಿನ ಸಾಲೇ ಇಲ್ಲವಲ್ಲ ಕಾಕಾ ಅಂದೆ. ನಡುವೆ ಎರಡು ಇರುತ್ತವೆ, 16 ಮತ್ತು 17, ಎರಡನ್ನೂ ಹಿಡಿ, ಅಂಥ ಎಂಟು ಜೋಡಿ ಅಂದರು. ಆಮೇಲೆ ಥಪ್ಪಿಯ ಕಡೆ ಕೈ ತೋರಿಸಿ ಕೇಳಿದರು: "ನೀವು ಅವತ್ತು ಎಣಿಸಿದ್ದು ಸಾಲೋ, ಸಾಲಿನ ನಡುವಿನ ಸಂದಿಯೋ?"

ಕಾಗಿಣಾ ದಂಡೆ

ಆ ಶ್ಲೋಕದ ಮೊದಲ ದಾರಿ ಅದೇ, ನಡುವಿನ ಬೆಲೆಯಿಂದ. ಕಾಕಾ ಅವರಿಗೆ ನನ್ನ ನಮಸ್ಕಾರ ಹೇಳಿ. ನಾನು ಮೂವತ್ತು ವರ್ಷ ಎರಡನೆಯ ದಾರಿಯನ್ನೇ ಮೊದಲು ಕಲಿಸುತ್ತಾ ಬಂದೆ.

ಗಂಜ್ ಗುಮಾಸ್ತ

ಹೇಳಿದೆ ಮಾಸ್ತರೇ. ಮೂವತ್ತು ವರ್ಷದಲ್ಲಿ ಎಷ್ಟು ಚೀಲ ಹೊತ್ತಿದ್ದಾರೆ ಮಾಸ್ತರು ಅಂತ ಕೇಳಿದರು.